ರೋಗಿಯ ಮಾತು, ವೈದ್ಯರ ಕಿವಿ

ನಮ್ಮ ಗಂಗೊಳ್ಳಿಯ ಬಂದರಿನಿಂದ ಕಡಲಿಗಿಳಿಯುವ ದೋಣಿಗೆ ಇಂದು ಸುದ್ದಿಯ ಬರವಿಲ್ಲ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಉಪಗ್ರಹದ ನೆರವಿನಿಂದ ನೀರಿನ ಬಿಸುಪನ್ನೂ ಬಣ್ಣವನ್ನೂ ಅಳೆದು, ಮೀನು ಎಲ್ಲಿ ಸಿಕ್ಕೀತು, ಅಲೆ ಎಷ್ಟು ಎದ್ದೀತು ಎಂಬುದನ್ನು ಕರಾವಳಿಯ ಭಾಷೆಗಳಲ್ಲಿ ತಿಳಿಸುತ್ತದೆ, ಕನ್ನಡದಲ್ಲಿಯೂ ತಿಳಿಸುತ್ತದೆ. ಮೀನಿನ ಮಟ್ಟಿಗೆ ಇಷ್ಟೆಲ್ಲ ಸಾಧ್ಯವಾಗಿರುವ ದೇಶದಲ್ಲಿ, ಕ್ಯಾನ್ಸರಿಗೆ ಮದ್ದು ಹಾಕಿಸಿಕೊಂಡು ಊರಿಗೆ ಮರಳಿದ ಎಷ್ಟೋ ಮಂದಿಗೆ ನಡುರಾತ್ರಿ ಮೈ ಕಾದರೆ ಯಾರಿಗೆ ಹೇಳಬೇಕೆಂಬುದೇ ಗೊತ್ತಿರುವುದಿಲ್ಲ. ಇದು ಯಂತ್ರದ ಕೊರತೆಯೆಂದರೆ ನಾನು ಒಪ್ಪೆ. ಇದು ಗಮನದ ಕೊರತೆ. ಅದಕ್ಕಿಂತ ಹೆಚ್ಚಾಗಿ ಭಾಷೆಯ ಕೊರತೆ.

ಮೈ ಕಾಯುವುದೇನು ದೊಡ್ಡ ಸಂಗತಿಯೇ ಎಂದು ವಾಚಕರು ಕೇಳಬಹುದು. ನಮಗೆ ನಿಮಗೆ ದೊಡ್ಡದಲ್ಲ. ಗಂಜಿ ಕುಡಿದು ಹೊದ್ದು ಮಲಗಿದರೆ ಬೆಳಗಿಗೆ ಇಳಿದೀತು. ಆದರೆ ಕೀಮೋ ಮದ್ದು ಒಳಹೊಕ್ಕವರಲ್ಲಿ, ಒಂದೆರಡು ವಾರದೊಳಗೆ, ರೋಗವನ್ನೆದುರಿಸುವ ಬಿಳಿಯ ರಕ್ತಕಣಗಳು ತಗ್ಗುವುದುಂಟು. ಆ ದಿನಗಳಲ್ಲಿ 100.4 ಡಿಗ್ರಿಯ ಜ್ವರ ಬಂತೆಂದರೆ ಅದು ಪ್ರಾಣಕ್ಕೇ ಎರವಾಗಬಲ್ಲ ಸೋಂಕಿನ ಸೂಚನೆಯಿರಬಹುದು. ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ದೊರೆಯಬೇಕು. "ನಾಡಿದ್ದು ಹೇಗೂ ಮಣಿಪಾಲಕ್ಕೆ ಹೋಗುವುದಿದೆಯಲ್ಲ, ಆಗಲೇ ಹೇಳಿದರಾಯಿತು" ಎಂದು ಮಲಗಿದವರಿಗೆ ನಾಡಿದ್ದು ಬಾರದೆಯೂ ಹೋಗಬಹುದು. ಊರೆಲ್ಲ ಸೂರೆಯಾದ ಮೇಲೆ ಕೋಟೆಯ ಬಾಗಿಲು ಹಾಕಿದ ಗಾದೆ ಎಲ್ಲರಿಗೂ ಗೊತ್ತು.

ಇಲ್ಲಿಂದ ಮಣಿಪಾಲಕ್ಕೆ 50 ಕಿಲೋಮೀಟರಿಗಿಂತ ಹೆಚ್ಚು ದಾರಿ. ಹೊಳೆಯಾಚೆಯ ಕುಂದಾಪುರ ಕಣ್ಣೆದುರಿಗೇ ಕಂಡರೂ ರಸ್ತೆ ಸುತ್ತಿಕೊಂಡೇ ಹೋಗಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರದಂತೂ ಒಂದು ರಾತ್ರಿಯ ಪ್ರಯಾಣ. ಹಾಗೆ ಹೋಗಿ, ಕಾದು, ಕೊನೆಗೆ ವೈದ್ಯರ ಎದುರಿಗೆ ಕುಳಿತಾಗ ಕೇಳುವ ಪ್ರಶ್ನೆ ಒಂದೇ: "ಹೇಗಿದ್ದೀರಿ?" ನಮ್ಮ ಕಡೆಯ ಹೆಂಗಸು ಕೊಡುವ ಉತ್ತರವೂ ಒಂದೇ: "ಅಡ್ಡಿಲ್ಲೆ." ಈ ಒಂದು ಮಾತಿನ ಹೊಟ್ಟೆಯೊಳಗೆ ಏನೇನು ಅಡಗಿದೆಯೆಂಬುದು ಕುಂದಾಪ್ರ ಕನ್ನಡ ಬಲ್ಲವರಿಗೆ ಮಾತ್ರ ಗೊತ್ತು. ಬಾಯಿ ಹುಣ್ಣಾಗಿ ಮೂರು ದಿನ ಅನ್ನ ಇಳಿಯದಿದ್ದರೂ "ಅಡ್ಡಿಲ್ಲೆ", ಬೆರಳು ಜೋಮು ಹಿಡಿದು ಸೀರೆಯ ನೆರಿಗೆ ಕೈಗೆ ಸಿಗದಿದ್ದರೂ "ಅಡ್ಡಿಲ್ಲೆ." ದೊಡ್ಡವರೆದುರು ನೋವು ತೋಡಿಕೊಳ್ಳುವುದು ಸಣ್ಣತನವೆಂದು ತಿಳಿದು ಬೆಳೆದ ಜನ ಇವರು. ವೈದ್ಯರು ಮಾತ್ರ ಚೀಟಿಯಲ್ಲಿ ತೊಂದರೆಯೇನೂ ಇಲ್ಲವೆಂದು ಬರೆದುಕೊಳ್ಳುತ್ತಾರೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೂ ಸತ್ಯ ಮಾತ್ರ ಬಾಗಿಲ ಹೊರಗೇ ಉಳಿಯಿತು.

ಇದಕ್ಕೆ ಮದ್ದಿಲ್ಲವೆ? ಇದೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈಥನ್ ಬಾಶ್ ಎಂಬ ವೈದ್ಯರೂ ಅವರ ಸಂಗಡಿಗರೂ ನಡೆಸಿದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ರೋಗ ಮುಂದುವರಿದಿದ್ದ 766 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯ ಆರೈಕೆ. ಇನ್ನೊಂದು ಗುಂಪಿನವರು ವಾಕರಿಕೆ, ನೋವು, ದಣಿವು, ಉಸಿರುಕಟ್ಟುವಿಕೆ ಮುಂತಾದ ಹನ್ನೆರಡು ಬಾಧೆಗಳ ವಿಷಯ ಕಂಪ್ಯೂಟರಿನಲ್ಲಿ ತಾವೇ ಗುರುತು ಹಾಕುತ್ತಿದ್ದರು. ಬಾಧೆ ಹೆಚ್ಚಿತೆಂದರೆ ಕೂಡಲೆ ದಾದಿಗೆ ಸುದ್ದಿ ಹೋಗುತ್ತಿತ್ತು. ಅರ್ಧದಷ್ಟು ಮಂದಿ ಬದುಕಿದ್ದ ಅವಧಿಯನ್ನು ಲೆಕ್ಕ ಹಾಕಿದಾಗ, ಮೊದಲ ಗುಂಪಿನಲ್ಲಿ 26 ತಿಂಗಳು, ಎರಡನೆಯದರಲ್ಲಿ 31.2 ತಿಂಗಳು! ಹೊಸ ಮದ್ದಲ್ಲ, ಹೊಸ ಶಸ್ತ್ರಕ್ರಿಯೆಯಲ್ಲ. ಕೇಳಿಸಿಕೊಂಡದ್ದರ ಫಲ ಐದು ತಿಂಗಳ ಆಯುಷ್ಯ. ಅಲ್ಲಿ ಗೆದ್ದದ್ದು ಬರಿಯ ಕಂಪ್ಯೂಟರಲ್ಲ, ಅದರ ಆಚೆಯ ತುದಿಯಲ್ಲಿ ಕುಳಿತಿದ್ದ ದಾದಿ ಎಂಬುದನ್ನು ನಾವು ಮರೆಯಬಾರದು.

ಮರೆಯುವವರೇ ಬಹಳ. ಒಂದು 'ಆಪ್' ಮಾಡಿಸಿ, ದೀಪ ಹಚ್ಚಿ ಉದ್ಘಾಟಿಸಿ, ಪತ್ರಿಕೆಗೆ ಭಾವಚಿತ್ರ ಕಳುಹಿಸಿದರೆ ತಂತ್ರಜ್ಞಾನ ಬಂದಂತಾಯಿತೆಂದು ತಿಳಿದ ಮಹನೀಯರಿದ್ದಾರೆ. ಇಂಗ್ಲಿಷಿನಲ್ಲಿ ಪ್ರಶ್ನೆ, ಇಂಗ್ಲಿಷಿನಲ್ಲಿ ವರದಿ. ಉತ್ತರ ಹೇಳುವವರು ಯಾರೂ ಇಲ್ಲ. ಇದು ಬಾವಿಗೆ ಹಗ್ಗ ಬಿಟ್ಟು ಕೊಡವನ್ನು ಕಟ್ಟದೆ ಇದ್ದಂತೆ.

ಇನ್ನೊಂದು ಪಕ್ಷದವರು ಇದಕ್ಕೆ ತದ್ವಿರುದ್ಧ. ಯಂತ್ರ ಬಂದರೆ ವೈದ್ಯರ ಕರುಣೆ ಬತ್ತುತ್ತದೆ, ನಮ್ಮ ಹಳ್ಳಿಯ ಜನ ಓದುಬಾರದವರು, ಅವರಿಗೆ ಇದೆಲ್ಲ ಏತಕ್ಕೆ ಎನ್ನುತ್ತಾರೆ. ಓದುಬಾರದ ಅಜ್ಜಿ ಪರದೇಶದಲ್ಲಿರುವ ಮೊಮ್ಮಗನಿಗೆ ವಾಟ್ಸಾಪಿನಲ್ಲಿ ದನಿ ಕಳುಹಿಸುವುದನ್ನು ಇವರು ಕಂಡಿಲ್ಲವೆ? ಮೊಮ್ಮಗನಿಗೆ ಮುಟ್ಟುವ ದನಿ ಆಸ್ಪತ್ರೆಗೇಕೆ ಮುಟ್ಟಬಾರದು? ಕಾನೂನಿನ ಅಡ್ಡಿಯೂ ಇಲ್ಲ. 2020ರ ಮಾರ್ಚಿನಲ್ಲಿಯೇ ಕೇಂದ್ರ ಸರ್ಕಾರ ದೂರದಿಂದ ರೋಗಿಯನ್ನು ವಿಚಾರಿಸುವ ಬಗ್ಗೆ ವೈದ್ಯರಿಗೆ ನಿಯಮ ರೂಪಿಸಿ ಕೊಟ್ಟಿದೆ. ಕರುಣೆಯ ಮಾತೆತ್ತುವವರಿಗೆ ಒಂದೇ ಉತ್ತರ: ಕೇಳಿಸದ ನೋವಿಗೆ ಯಾವ ಕರುಣೆಯೂ ಒದಗುವುದಿಲ್ಲ.

ವೈದ್ಯರನ್ನು ಮಾತ್ರ ದೂರಿ ನಾವು ಕನ್ನಡದ ಅಧ್ಯಾಪಕರು ಕೈ ತೊಳೆದುಕೊಳ್ಳುವಂತಿಲ್ಲ. ಕ್ಯಾನ್ಸರಿಗೆ 'ಅರ್ಬುದ' ಎಂದು ಹೆಸರಿಟ್ಟು ನಿಘಂಟಿಗೆ ಸೇರಿಸಿದೆವು; ಗಂಗೊಳ್ಳಿಯ ಮೀನುಪೇಟೆಯಲ್ಲಿ ಆ ಶಬ್ದ ಆಡಿದರೆ ಯಾರೂ ತಿರುಗಿ ನೋಡಲಾರರು. ಇಲ್ಲಿ ದಣಿವಿಗೆ 'ಬಚ್ತ್' ಎನ್ನುತ್ತಾರೆ. ಖಾರ್ವಿಯವರ ಮನೆಯಲ್ಲಿ ಕೊಂಕಣಿಯೇ ನಡೆಯುತ್ತದೆ. ನೋವೆಂದರೆ ಒಂದೇ ಅಲ್ಲ: ಉರಿ ಬೇರೆ, ಸೆಳೆತ ಬೇರೆ, ಚುಚ್ಚು ಬೇರೆ, ಜೋಮು ಬೇರೆ. ಇವುಗಳ ಭೇದ ತಿಳಿದರೆ ವೈದ್ಯರಿಗೆ ಮದ್ದಿನ ದಾರಿ ತಿಳಿಯುತ್ತದೆ. ಯಂತ್ರಕ್ಕೆ ಪ್ರಶ್ನೆ ಬರೆದುಕೊಡುವ ಈ ಕೆಲಸ ಭಾಷೆ ಬಲ್ಲವರದು. ಇಲ್ಲಿಗೆ ಹತ್ತಿರದ ಕೋಟದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕನ್ನಡಕ್ಕೆ ಕೊಟ್ಟರು. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ಹೆಂಗಸರ ಆರೋಗ್ಯವನ್ನು ಮನೆಮಾತಿನಲ್ಲಿ ವಿವರಿಸಿದರು. ಅವರನ್ನು 1991ರಲ್ಲಿ ಒಯ್ದದ್ದೂ ಕ್ಯಾನ್ಸರೇ. ಅವರು ಹಾಕಿಕೊಟ್ಟ ದಾರಿಯಲ್ಲಿ ನಾವು ಹನ್ನೆರಡು ಪ್ರಶ್ನೆಗಳನ್ನೂ ಬರೆಯಲಾರೆವೆ?

ಮನೆಯವರಿಗೂ ಒಂದು ಮಾತು. ಫೋನು ಮಗನ ಕೈಯಲ್ಲಿ, ವರದಿ ಅಳಿಯನ ಚೀಲದಲ್ಲಿ. ರೋಗದ ಹೆಸರನ್ನು ಕೂಡ ತಾಯಿಗೆ ತಿಳಿಸದೆ ಮುಚ್ಚಿಡುವುದು ಪ್ರೀತಿಯಿಂದಲೇ ಇರಬಹುದು. ಆದರೆ ಹೆಸರೇ ತಿಳಿಯದವಳು ಯಾವ ಲಕ್ಷಣವನ್ನು ಗಮನಿಸಿಯಾಳು, ಯಾರಿಗೆ ಹೇಳಿಯಾಳು?

ಬೇಕಾದದ್ದು ಬೆಟ್ಟದಷ್ಟಿಲ್ಲ. ಕ್ಯಾನ್ಸರಿನ ಚಿಕಿತ್ಸೆ ಕೊಡುವ ಪ್ರತಿ ಆಸ್ಪತ್ರೆಯೂ ಹಗಲು ರಾತ್ರಿ ಉತ್ತರ ಕೊಡುವ ಒಂದು ನಂಬರನ್ನೂ, ಅದರ ಹಿಂದೆ ಕುಂದಾಪ್ರ ಕನ್ನಡ, ಕೊಂಕಣಿ, ತುಳು ತಿಳಿದ ದಾದಿಯನ್ನೂ ಇಡಲಿ. ವಾರಕ್ಕೊಮ್ಮೆ ರೋಗಿಯ ಫೋನಿಗೆ ದನಿಯಲ್ಲಿ ಪ್ರಶ್ನೆ ಬರಲಿ, ದನಿಯಲ್ಲಿಯೇ ಉತ್ತರ ಹೋಗಲಿ. ಜ್ವರವೆಂದ ಕೂಡಲೆ ಹತ್ತಿರದ ಸರ್ಕಾರಿ ಆಸ್ಪತ್ರೆಗೂ ಸುದ್ದಿ ಮುಟ್ಟಲಿ. ಮನೆಗೆ ಕಳುಹಿಸುವ ದಿನ ಕೈಗೆ ಕೊಡುವ ಚೀಟಿ ಕನ್ನಡದಲ್ಲಿರಲಿ. ಸರ್ಕಾರ ಇದನ್ನು ಆಸ್ಪತ್ರೆಗಳ ಔದಾರ್ಯಕ್ಕೆ ಬಿಡದೆ ಕಡ್ಡಾಯ ಮಾಡಲಿ.

ಬಂಗುಡೆ ಎಲ್ಲಿದೆಯೆಂದು ಆಕಾಶದಿಂದ ನೋಡಿ ಕನ್ನಡದಲ್ಲಿ ಹೇಳಬಲ್ಲವರು, ಬಂಗುಡೆ ಹಿಡಿದವನ ಮೈಯಲ್ಲಿ ನೋವು ಎಲ್ಲಿದೆಯೆಂದು ಕನ್ನಡದಲ್ಲಿ ಕೇಳಲಾರೆವು ಎಂದರೆ ಯಾರು ನಂಬಬೇಕು?