ನಮ್ಮ ತೊಂದರೆಗಳನ್ನು ಮಕ್ಕಳ ಮುಂದೆ ಇಡೋಣ



ಮಣ್ಣೆತ್ತಿನ ಅಮವಾಸ್ಯೆ ಬಂತೆಂದರೆ ನಮ್ಮ ಮಕ್ಕಳು ಮಣ್ಣು ಕಲಸಿ ಎತ್ತು ಮಾಡುತ್ತಾರೆ. ಸುಗ್ಗಿಯಲ್ಲಿ ಜೋಳದ ದಂಟು ಸಿಗಿದು ಬಂಡಿ ಕಟ್ಟುತ್ತಾರೆ. ಗಾಲಿ ತಿರುಗದಿದ್ದರೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಅದೇ ಮಕ್ಕಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾತ್ರ ಪೇಟೆಯಲ್ಲಿ ಕೊಂಡ ಥರ್ಮಾಕೋಲಿನ ಅಣೆಕಟ್ಟನ್ನು ಹೊತ್ತುಕೊಂಡು ಹೋಗುತ್ತಾರೆ. ಹೀಗೇಕೆ ಆಯಿತು ಎಂಬುದನ್ನು ನಾವು ವಿಚಾರ ಮಾಡಬೇಕು.

ಇದರಲ್ಲಿ ನನ್ನ ತಪ್ಪೂ ಇದೆ. ಕೆಲವು ವರ್ಷಗಳ ಹಿಂದೆ ಒಂದು ಪ್ರಾಥಮಿಕ ಶಾಲೆಯ ಪ್ರದರ್ಶನಕ್ಕೆ ಪರೀಕ್ಷಕನಾಗಿ ಹೋಗಿದ್ದೆ. ಆರನೆಯ ಇಯತ್ತೆಯ ಹುಡುಗಿಯೊಬ್ಬಳು ಎದೆಯೆತ್ತರದ ಪ್ಲಾಸ್ಟಿಕ್ ಪೈಪು ತಂದಿದ್ದಳು. ಗೋವಿನಜೋಳ ಹುಟ್ಟದೆ ಉಳಿದ ಜಾಗದಲ್ಲಿ ಮತ್ತೆ ಬೀಜ ಊರುವಾಗ ತಾಯಿ ನಡು ಬಗ್ಗಿಸಬಾರದೆಂದು, ಪೈಪಿನ ಮೇಲ್ತುದಿಗೆ ಅರ್ಧ ಬಾಟಲಿಯನ್ನು ಲಾಳಿಕೆಯಂತೆ ಕಟ್ಟಿ, ಕೆಳತುದಿಯನ್ನು ಓರೆಯಾಗಿ ಕೊಯ್ದಿದ್ದಳು. ನಿಂತೇ ಬೀಜ ಬಿಡಬಹುದಿತ್ತು. ಆದರೆ ತುದಿಯಲ್ಲಿ ಹಸಿ ಮಣ್ಣು ಸಿಕ್ಕಿಕೊಳ್ಳುತ್ತಿತ್ತು. ನಾನು ಆ ದೋಷವನ್ನಷ್ಟೇ ಕಂಡೆ. ಮಿಣುಕು ದೀಪ ಹಾಕಿದ್ದ ಅಣೆಕಟ್ಟಿಗೆ ಮೊದಲ ಬಹುಮಾನ ಬರೆದೆ. ಮರುವರ್ಷ ಹುಡುಗಿ ಏನನ್ನೂ ತರಲಿಲ್ಲ. ಕೇಳಿದರೆ, "ನನ್ನದು ಚಂದ ಇರೂದಿಲ್ರಿ" ಎಂದಳು. "ಮಣ್ಣು ಸಿಕ್ಕದಂತೆ ಏನು ಮಾಡುತ್ತೀ?" ಎಂದು ನಾನು ಅಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು.

ಹೊಸದನ್ನು ಕಂಡುಹಿಡಿಯುವುದು ದೊಡ್ಡ ಓದಿನವರ ಕೆಲಸವೆಂದು ತಿಳಿಯಬೇಡಿ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ದೊರೆಯಿತು. ಹುಣಸೆಹಣ್ಣಿನ ಬೀಜ ತೆಗೆಯುವ ಯಂತ್ರ, ಕಬ್ಬು ನೆಡುವ ಕೂರಿಗೆ ಮೊದಲಾದವನ್ನು ಮಾಡಿದ ಒಕ್ಕಲಿಗರು ಅವರು. ಅವರ ಮೊದಲ ಸಾಧನ ಯಾವುದು ಗೊತ್ತೇ? ಅಲಾರಂ ಬಾರಿಸಿದರೂ ಎಚ್ಚರವಾಗದೆಂದು, ಅಲಾರಂ ಕೀಲಿಗೆ ದಾರ ಕಟ್ಟಿ, ಅದು ಸುತ್ತಿಕೊಂಡಾಗ ಬಾಟಲಿ ವಾಲಿ ಮುಖದ ಮೇಲೆ ನೀರು ಬೀಳುವಂತೆ ಮಾಡಿದ ಗಡಿಯಾರ! ತನ್ನ ತೊಂದರೆಗೆ ತಾನೇ ಉಪಾಯ ಹುಡುಕಿದ್ದು ಅಲ್ಲಿಂದ ಶುರುವಾಯಿತು.

ಮುಗಳಖೋಡದ ಸುತ್ತಲ ಹೊಲಗಳಲ್ಲಿ ಇಂಥ ತೊಂದರೆಗಳಿಗೆ ಬರವೇ? ಕಬ್ಬಿನ ರವದಿ ಕೈ ಕೊಯ್ಯುತ್ತದೆ. ಅರಿಷಿಣದ ಗಡ್ಡೆ ಮುರಿದು ಮುರಿದು ಹೆಣ್ಣುಮಕ್ಕಳ ಬೆರಳು ಬಾಯುತ್ತವೆ. ಗೋವಿನಜೋಳದ ತೆನೆ ಬಿಡಿಸಲು ಈಗ ಒಂದು ಸಣ್ಣ ಕೈಸಾಧನವಿದೆ. ಗೇಣುದ್ದವೂ ಇಲ್ಲದ ಕಬ್ಬಿಣದ ಕೊಳವೆ, ಒಳಗೆ ನಾಲ್ಕು ಪಟ್ಟಿ; ತೆನೆಯನ್ನು ಒಳಗಿಟ್ಟು ತಿರುವಿದರೆ ಕಾಳು ಉದುರುತ್ತವೆ. ಇಷ್ಟು ಸರಳವಾದದ್ದು ಐದಾರನೆಯ ಇಯತ್ತೆಯ ಮಗುವಿಗೂ ಹೊಳೆಯಬಲ್ಲದು. ಆದರೆ ತೊಂದರೆ ಏನೆಂಬುದು ಮೊದಲು ಮಗುವಿಗೆ ತಿಳಿಯಬೇಕು. ಅದನ್ನು ಹೇಳುವವರು ನೀವು.

ನಿಮ್ಮೂರ ಶಾಲೆಯಲ್ಲಿ ಇದನ್ನು ಎಂಟು ವಾರಗಳಲ್ಲಿ ನಡೆಸಬಹುದು. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಎತ್ತಿ, ಮುಖ್ಯೋಪಾಧ್ಯಾಯರೊಡನೆ ಕೂತು ಹೀಗೆ ಗೊತ್ತುಪಡಿಸಿಕೊಳ್ಳಿರಿ.

ಮೊದಲನೆಯ ವಾರ ಪ್ರತಿ ಮಗು ಮೂರು ಮನೆಗಳಿಗೆ ಹೋಗಿ, "ಯಾವ ಕೆಲಸದಲ್ಲಿ ನಿಮ್ಮ ನಡು ನೋಯುತ್ತದೆ, ಯಾವುದರಲ್ಲಿ ವೇಳೆ ಹಾಳಾಗುತ್ತದೆ?" ಎಂದು ಕೇಳಿ ಬರೆದುಕೊಳ್ಳಲಿ. ತಂದೆಯಷ್ಟೇ ಅಲ್ಲ, ತಾಯಿ, ಅಜ್ಜಿ, ಕೂಲಿಗೆ ಬರುವವರನ್ನೂ ಕೇಳಲಿ. ಎರಡನೆಯ ವಾರ ಮೂರು ಮೂರು ಮಕ್ಕಳ ಗುಂಪು ಮಾಡಿ, ಗುಂಪಿಗೊಂದು ತೊಂದರೆ ಆರಿಸಲಿ. ಮೂರನೆಯ ಮತ್ತು ನಾಲ್ಕನೆಯ ವಾರ ಚಿತ್ರ ಬರೆದು, ರಟ್ಟು, ಬಿದಿರು, ಸೈಕಲ್ ಟ್ಯೂಬು, ಹಳೆಯ ಡಬ್ಬಿಗಳಿಂದ ಮಾದರಿ ಕಟ್ಟಲಿ. ಖರ್ಚು ಐವತ್ತು ರೂಪಾಯಿ ಮೀರಬಾರದೆಂದು ಕಟ್ಟಳೆ ಮಾಡಿರಿ.

ಐದನೆಯ ಮತ್ತು ಆರನೆಯ ವಾರ ಹೊಲದಲ್ಲಿ ಪರೀಕ್ಷೆ. ಒಂದು ಸಾಲನ್ನು ಹಳೆಯ ರೀತಿಯಲ್ಲಿ, ಇನ್ನೊಂದನ್ನು ಹೊಸ ಸಾಧನದಿಂದ ಮಾಡಿ, ಗಡಿಯಾರ ನೋಡಿ ವೇಳೆ ಬರೆದಿಡಲಿ. ಏಳನೆಯ ವಾರ ದೋಷ ತಿದ್ದಲಿ. ಎಂಟನೆಯ ವಾರ ಊರವರ ಮುಂದೆ ಪ್ರದರ್ಶನ. ಕೆಟ್ಟುಹೋದ ಮೊದಲ ಮಾದರಿಯೂ ಪಕ್ಕದಲ್ಲಿರಲಿ. ಎರಡರ ನಡುವೆ ಮಗು ಏನು ಕಲಿಯಿತು ಎಂಬುದಕ್ಕೆ ಅಂಕ ಕೊಡಬೇಕು, ಹೊಳಪಿಗಲ್ಲ.

ಎಚ್ಚರಿಕೆಯ ಮಾತುಗಳು: ಕೀಟನಾಶಕದ ಖಾಲಿ ಡಬ್ಬಿಗಳನ್ನು ತೊಳೆದಾದರೂ ಸರಿ, ಮಕ್ಕಳ ಕೈಗೆ ಕೊಡಕೂಡದು. ಮೇವು ಕತ್ತರಿಸುವ ಯಂತ್ರ, ವಿದ್ಯುತ್ ಮೋಟಾರುಗಳ ಬಳಿಗೆ ಬಿಡಕೂಡದು. ಕೊಯ್ಯುವ, ಕೊರೆಯುವ ಕೆಲಸಕ್ಕೆ ಊರ ಬಡಿಗೇರ, ಕಮ್ಮಾರರನ್ನು ಕರೆಯಿರಿ. ಅವರು ಮಗು ಹೇಳಿದಂತೆ ಮಾಡಿಕೊಡಲಿ. ತಾವೇ ಉಪಾಯ ಹೇಳುವುದು ಬೇಡ.

ಇದಕ್ಕೆ ಸರ್ಕಾರದ ನೆರವೂ ಇದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದೊಡನೆ ನಡೆಸುವ 'ಇನ್‌ಸ್ಪೈರ್ ಅವಾರ್ಡ್ಸ್ ಮಾನಕ್' ಯೋಜನೆಗೆ ಆರನೆಯ ತರಗತಿ ಮತ್ತು ಮೇಲಿನ ಮಕ್ಕಳ ಸ್ವಂತ ವಿಚಾರಗಳನ್ನು ಶಾಲೆಯಿಂದ ಕಳಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಿ ಜಿಲ್ಲಾ ಪ್ರದರ್ಶನಕ್ಕೆ ತರಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆದರೆ ಹಣದ ಆಸೆಗೆ ಪೇಟೆಯ ಮಾದರಿಯನ್ನೋ ದೊಡ್ಡವರ ಉಪಾಯವನ್ನೋ ಮಗುವಿನ ಹೆಸರಿನಲ್ಲಿ ಕಳಿಸಬೇಡಿರಿ. ಹಾಗೆ ಮಾಡಿದರೆ ಮಗು ಕಲಿಯುವುದು ಸುಳ್ಳನ್ನು ಮಾತ್ರ.

ಎಲ್ಲ ಸಾಧನಗಳೂ ಹೊಲದಲ್ಲಿ ನಿಲ್ಲುತ್ತವೆಂದು ನಾನು ಹೇಳಲಾರೆ. ಹತ್ತರಲ್ಲಿ ಒಂಬತ್ತು ಮುರಿಯಬಹುದು. ಆದರೂ ನಮ್ಮ ಶ್ರಮವನ್ನು ಕಣ್ಣಾರೆ ಕಂಡು, ಅದನ್ನು ಹಗುರ ಮಾಡಲು ತಲೆ ಓಡಿಸಿದ ಮಗು ಒಕ್ಕಲುತನವನ್ನು ಕೀಳೆಂದು ಬಗೆಯುವುದಿಲ್ಲ.

ಈ ಪುಟವನ್ನು ವಾಚನಾಲಯದಲ್ಲಿ ಗಟ್ಟಿಯಾಗಿ ಓದಿ ಹೇಳಿರಿ. ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ಮಗನಿಗೋ ಮಗಳಿಗೋ ಒಂದು ತೊಂದರೆ ಹೇಳಿ, "ಇದಕ್ಕೇನು ಮಾಡೋಣ?" ಎಂದು ಕೇಳಿರಿ. ಉತ್ತರ ಬರುವವರೆಗೆ ನೀವು ಸುಮ್ಮನಿರಬೇಕು.