ಡೋಣಿ ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು?

ಮಳೆಗಾಲದಲ್ಲಿ ತಾಳಿಕೋಟೆ ಸುದ್ದಿಯಾಗುವುದು ಡೋಣಿ ಹೊಳೆಯಿಂದ. ಹಡಗಿನಾಳ ರಸ್ತೆಯ ನೆಲಮಟ್ಟದ ಸೇತುವೆ ಮುಳುಗುತ್ತದೆ, ಜನ ಊರು ಸುತ್ತಿ ಬರುತ್ತಾರೆ, ದಂಡೆಯ ತೊಗರಿ, ಹತ್ತಿ ನೀರಲ್ಲಿ ನಿಲ್ಲುತ್ತವೆ. ಮರುದಿನ ಅದೇ ಬೇಡಿಕೆ: ಹೂಳೆತ್ತಿ. ನೀರು ಇಳಿದಂತೆ ಬೇಡಿಕೆಯ ಸದ್ದೂ ಇಳಿಯುತ್ತದೆ.

ಹೂಳೆತ್ತಲಿ, ತಕರಾರಿಲ್ಲ. ಎಷ್ಟು ಘನ ಮೀಟರ್ ಎತ್ತಬೇಕೆಂದು ಎಂಜಿನಿಯರ್ ಲೆಕ್ಕ ಹಾಕಿ ಕೊಡುತ್ತಾರೆ. ಆದರೆ ಆ ಮಣ್ಣು ಬಂದದ್ದು ಯಾರ ಎರಿ ಹೊಲದಿಂದ? ಒಡೆದ ಒಡ್ಡು ಕಟ್ಟಿಸಲು ರೈತನ ಕೈಯಲ್ಲಿ ಯಾಕೆ ದುಡ್ಡಿಲ್ಲ? ಪಾತ್ರದ ನಡುವೆಯೇ ಜಾಲಿಕಂಟಿ ಇಷ್ಟು ದಟ್ಟವಾಗುವವರೆಗೆ ಯಾರೂ ಯಾಕೆ ಕೇಳಲಿಲ್ಲ? ಎಸ್ಟಿಮೇಟಿನಲ್ಲಿ ಇವಕ್ಕೆ ಕಾಲಂ ಇಲ್ಲ. ಬೇಸಿಗೆಯಲ್ಲಿ ದಂಡೆಗೆ ಇಳಿದು ನೋಡಿ: ಬಿರಿದ ಕರಿ ಮಣ್ಣಿನ ಅಂಚಿಗೆ ಬಿಳಿ ಉಪ್ಪು ಹಕ್ಕಳೆಯಂತೆ ಎದ್ದಿರುತ್ತದೆ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ಕೃಷ್ಣೆ ಸೇರುವ ಈ ಹೊಳೆಯ ನೀರು ಕುಡಿಯಲು ಬಾರದು. ಇದು ರಸಾಯನಶಾಸ್ತ್ರದ ಪಾಠವೋ, ಭೂಗೋಳದ್ದೋ, ಅರ್ಥಶಾಸ್ತ್ರದ್ದೋ?

ನಮ್ಮ ವಿಶ್ವವಿದ್ಯಾಲಯಗಳ ಉತ್ತರ ಸುಲಭದ್ದು: 'ಅದಕ್ಕೆ ಬೇರೆ ಪೇಪರ್ ಇದೆ.' ಹೌದು, ಇದೆ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿಯೇ ಪರಿಸರ ಶಿಕ್ಷಣದ ನಿರ್ದೇಶನ ಕೊಟ್ಟಿತು, ಪದವಿಯ ಎಲ್ಲ ವಿಭಾಗಗಳಿಗೂ ಯುಜಿಸಿ ಆರು ತಿಂಗಳ ಕಡ್ಡಾಯ ಪಠ್ಯ ರೂಪಿಸಿತು. ಆ ಪಠ್ಯದಲ್ಲಿ 100ಕ್ಕೆ 25 ಅಂಕ ಕ್ಷೇತ್ರಕಾರ್ಯಕ್ಕೆ. ಹತ್ತಿರದ ಹೊಳೆ, ಗುಡ್ಡ, ಕೆಟ್ಟ ಜಾಗ ಕಂಡು ಬರೆಯಬೇಕೆಂದು ಸ್ಪಷ್ಟವಾಗಿಯೇ ಇತ್ತು. ಕೆಳಗಿಳಿದು ಬರುವಷ್ಟರಲ್ಲಿ ಆದದ್ದು ಎಲ್ಲರಿಗೂ ಗೊತ್ತು. ವರ್ಕ್‌ಲೋಡ್ ಕಡಿಮೆ ಇದ್ದವರ ತಲೆಗೆ ಪೇಪರ್ ಕಟ್ಟಿದರು, ಹುಡುಗರು ಗೈಡ್ ಕೊಂಡರು, ಓಝೋನ್ ರಂಧ್ರದ ಬಗ್ಗೆ ಐದು ಅಂಕದ ಉತ್ತರ ಬರೆದು ಪಾಸಾದರು. ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024ರಲ್ಲಿ ರಾಜ್ಯ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಈ ಗದ್ದಲದಲ್ಲಿ ಕ್ರೆಡಿಟ್ ಎಷ್ಟೆಂಬುದರ ಚರ್ಚೆಯೇ ಜೋರು.

ನನ್ನ ಆಕ್ಷೇಪ ಇರುವುದು ಆ ಪೇಪರಿನ ಗುಣಮಟ್ಟದ ಮೇಲಲ್ಲ. ಅದು ಉಳಿದ ಪೇಪರುಗಳಿಗೆಲ್ಲ ಬಿಡುಗಡೆ ಪತ್ರವಾಗಿದೆ, ಅದರ ಮೇಲೆ.

ಬಿಡುಗಡೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಕೂಡಗಿ ನಮ್ಮ ಕಣ್ಣೆದುರಿಗಿದೆ. ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಆ ಊರಿನ ಹತ್ತಿರ ಎನ್‌ಟಿಪಿಸಿಯ 2400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೆ 2012ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಕಾಗದದಲ್ಲಿ ಭೂಮಿ ಬಹುಪಾಲು ಬಂಜರು. ರೈತರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು, ಮಾರ್ಚ್ 2014ರಲ್ಲಿ ಮಂಡಳಿ ಆ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಕಾರಣ, ಭೂಮಿಯ ಬಗ್ಗೆ ಕೊಟ್ಟ ಮಾಹಿತಿ ದಾರಿ ತಪ್ಪಿಸುವಂತಿತ್ತು. ಅದೇ ವರ್ಷದ ಜುಲೈನಲ್ಲಿ ಪ್ರತಿಭಟನೆಯ ಮೇಲೆ ಪೊಲೀಸರ ಗುಂಡೂ ಹಾರಿತು. ಸ್ಥಾವರ ನಿಂತದ್ದು ನಿಂತಿತು. ಎರಿ, ಮಸಾರಿ, ಮಡ್ಡಿ ಭೂಮಿ ಯಾವುದೆಂದು ಇಲ್ಲಿ ಒಕ್ಕಲುತನದ ಮನೆಯ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೆ ಅವನು ಬಿ.ಕಾಂ. ಕಲಿಯುವಾಗ ಉತಾರ (ಪಹಣಿ) ಓದಿ, ಪರಿಸರ ವರದಿಯ ಪಕ್ಕದಲ್ಲಿಟ್ಟು ತಾಳೆ ನೋಡುವುದನ್ನು ಯಾರೂ ಕಲಿಸಲಿಲ್ಲ. ಅದು 'ಸಿಲೆಬಸ್‌ನಲ್ಲಿಲ್ಲ'.

'ಎಲ್ಲರೂ ಪರಿಸರ ಕಲಿಸಿದರೆ ಯಾರೂ ಆಳವಾಗಿ ಕಲಿಸುವುದಿಲ್ಲ, ಅದು ವಿಜ್ಞಾನಿಗಳ ಕೆಲಸ' ಎನ್ನುವವರಿದ್ದಾರೆ. ವಿಜ್ಞಾನಿ ಬೇಕೇ ಬೇಕು. ಕಾಲುವೆ ನೀರು ಕಂಡ ಎರಿ ಭೂಮಿ ಸವಳಾಗುವುದನ್ನು ಮಣ್ಣಿನ ತಜ್ಞರಲ್ಲದೆ ಇನ್ನಾರು ಅಳೆಯಬೇಕು? ಆದರೆ ಸವಳಾದ ಹೊಲದ ಮೇಲಿನ ಸಾಲ ಬ್ಯಾಂಕಿನ ಪುಸ್ತಕದಲ್ಲಿ ಹೇಗೆ ಕಾಣುತ್ತದೆಂಬುದು ವಾಣಿಜ್ಯ ವಿಭಾಗದ್ದು. ನಮ್ಮ ಇತಿಹಾಸ ವಿಭಾಗಗಳದ್ದು ಇನ್ನೊಂದು ತಮಾಷೆ: 1565ರ ಯುದ್ಧ ತಾಳಿಕೋಟೆಯಲ್ಲೋ ರಕ್ಕಸಗಿ-ತಂಗಡಗಿಯಲ್ಲೋ ಎಂದು ಸೆಮಿನಾರುಗಟ್ಟಲೆ ಕಾದಾಡುತ್ತವೆ, ಇದೇ ನೆಲವನ್ನು, ಅಂದಿನ ಕಲಾದಗಿ ಜಿಲ್ಲೆಯನ್ನು, ಹಿಂಡಿದ 1876-78ರ ಬರದ ಕಡೆ ತಿರುಗಿಯೂ ನೋಡುವುದಿಲ್ಲ.

ಆದ್ದರಿಂದ ಹೊಸ ಪೇಪರ್ ಬೇಡ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳು ಆ ಹಳೆಯ 25 ಅಂಕವನ್ನು ಪ್ರತಿ ವಿಭಾಗದ ಮುಖ್ಯ ವಿಷಯದೊಳಗೆ ತರಲಿ. ಸೇತುವೆ ಮುಳುಗಿದ ದಿನ ಸಂತೆಗೆ ಎಷ್ಟು ನಷ್ಟವೆಂದು ಬಿ.ಕಾಂ. ಹುಡುಗಿ ಅಂಗಡಿ ಅಂಗಡಿ ತಿರುಗಿ ಲೆಕ್ಕ ಬರೆಯಲಿ; ಹೊಳೆ ಮೊದಲು ಎಲ್ಲಿ ಹರಿಯುತ್ತಿತ್ತೆಂದು ಕನ್ನಡ ವಿಭಾಗದವರು ದಂಡೆಯ ಮುದುಕರ ಮಾತು ದಾಖಲಿಸಲಿ. ಆ ವರದಿಗಳು ಕಾಲೇಜಿನ ಕಪಾಟಿನಲ್ಲಿ ಧೂಳು ತಿನ್ನದೆ, ಮುಂದಿನ ಸಲ ಹೂಳಿನ ಎಸ್ಟಿಮೇಟ್ ಬಂದಾಗ ಅದರ ಪಕ್ಕದಲ್ಲೇ ಅಧಿಕಾರಿಯ ಮೇಜಿನ ಮೇಲೆ ಬೀಳಲಿ.