ನಗೆಯ ಹಿಂದಿನ ಋಣ

2016ರ ಡಿಸೆಂಬರ್ 30ರಂದು ತೆರೆಕಂಡ 'ಕಿರಿಕ್ ಪಾರ್ಟಿ' ಎಂಬ ಚಲನಚಿತ್ರದ ಹೆಸರು ಕಿವಿಗೆ ಬಿದ್ದೊಡನೆಯೇ ನಮ್ಮಂತಹ ಪಂಡಿತರ ಹುಬ್ಬು ಗಂಟಿಕ್ಕುವುದು ಸಹಜ. ಆದರೆ ರಿಷಬ್ ಶೆಟ್ಟಿಯವರು ನಿರ್ದೇಶಿಸಿದ ಈ ಚಿತ್ರವನ್ನು ಬರಿಯ ಪುಂಡಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲವೆಂಬುದು ನನ್ನ ಅಭಿಮತ.

ಕಥಾನಾಯಕ ಕರ್ಣನು ಇಂಜಿನಿಯರಿಂಗ್ ಓದುವ ನಾಲ್ಕು ವರ್ಷಗಳೇ ಇದರ ವಸ್ತು. ಹಾಸ್ಟೆಲಿನ ಹುಡುಗಾಟ, ಗೆಳೆಯರು ಕೂಡಿ ಕೊಂಡ ಹಳೆಯ ಕಾರು, ಇವೆಲ್ಲ ನಗಿಸುತ್ತವೆ. ಶೃಂಗಾರದ ಅನುಕರಣೆಯೇ ಹಾಸ್ಯವೆಂದ ಭರತಮುನಿಯ ಮಾತಿಗೆ, ಹಿರಿಯ ವಿದ್ಯಾರ್ಥಿನಿ ಸಾನ್ವಿಗೆ ಮನಸೋತ ಈ ಹುಡುಗನೇ ನಿದರ್ಶನ. ಅವಳ ಅಕಾಲಮರಣದಿಂದ ಹಾಸ್ಯವು ಕರುಣಕ್ಕೆ ತಿರುಗುತ್ತದೆ. ದುಃಖದಿಂದ ಒರಟನಾದವನು ಮತ್ತೆ ಮಾಗುವ ಬಗೆಯಲ್ಲಿಯೇ ಚಿತ್ರದ ಸತ್ತ್ವವಿದೆ.

ನನ್ನ ಆಕ್ಷೇಪ ಬೇರೆ. ಈ ನೆನಪಿನ ಬುತ್ತಿಯಲ್ಲಿ ಗೆಳೆಯರಿಗೆ ದೊರೆತ ಪಾಲು, ಓದಿಸಲು ದುಡಿದ ಕೈಗಳಿಗೆ ದೊರೆತಿಲ್ಲ. ನಮ್ಮ ಬೆಟಗೇರಿಯ ನೇಕಾರನ ಮಗನು ಕಾಲೇಜಿಗೆ ಹೊರಟನೆಂದರೆ ಆ ನಾಲ್ಕು ವರ್ಷಗಳ ಶುಲ್ಕವು ಮನೆಯ ಮಗ್ಗದಿಂದಲೇ ಹುಟ್ಟಬೇಕು. ತೆರೆಯ ಮೇಲೆ ಪುಂಡಾಟವು ಸವಿನೆನಪಾಗುತ್ತದೆ. ಇವನು ಒಂದು ವರ್ಷ ನಪಾಸಾದರೆ ತಂಗಿಯ ಓದಿಗೇ ಕುತ್ತು ಬಂದೀತು.

ಆದ್ದರಿಂದ ಅಧ್ಯಾಪಕರು ಈ ಚಿತ್ರವನ್ನು ಬೈಯದೆ ಮಕ್ಕಳೊಡನೆ ಕುಳಿತು ನೋಡಲಿ, ಮನಸಾರೆ ನಗಲಿ. ಬಳಿಕ, 'ಈ ನಗೆಯ ವೆಚ್ಚವನ್ನು ಭರಿಸಿದವರು ಯಾರು?' ಎಂದೊಮ್ಮೆ ಕೇಳಲಿ. ತಮ್ಮ ಕಾಲೇಜು ದಿನಗಳನ್ನು ಮೆಲುಕು ಹಾಕುವ ಹಳೆಯ ವಿದ್ಯಾರ್ಥಿಗಳಾದರೋ, ಇಂದಿನ ಒಬ್ಬ ಬಡ ಹುಡುಗನ ಓದಿನ ಹೊಣೆ ಹೊರಲಿ. ನೆನಪಿನ ಸವಿಯನ್ನುಂಡವರು ಅದರ ಋಣವನ್ನೂ ತೀರಿಸಬೇಕಲ್ಲವೆ?